ನೆಲ ಕಾಯಿಸುವವನು ಹೇಳಿದ್ದು

ನನ್ನ ಕಸುಬು ನೆಲ ಕಾಯಿಸುವುದು.
ತೇಬೆಕ್ ಊರಿನ ಅರ್ಧ ಮನೆಗಳ ನೆಲದಡಿ
ಏನು ಮಲಗಿದೆ ಎಂದು ನನಗೆ ಗೊತ್ತು.
ಮೇಲೆ ಯಾರು ಮಲಗುತ್ತಾರೆ, ಕೇಳುವವನಲ್ಲ.

ಅಕ್ಕತಂಗಿಯರ ಮನೆ.
ಸೀಮೆಎಣ್ಣೆಯ ಹಳೇ ಬಾಯ್ಲರು
ಗೊರಗೊರ ಎನ್ನುತ್ತ ಕೊನೆಯುಸಿರಲ್ಲಿತ್ತು.

ಬೊಂಗ್ರೇ ಕಡ್ಡಿ ಮುರಿದಂತೆ ಅಂದಳು: ಗ್ಯಾಸ್.
ಕೊಳವೆ ಬೀದಿಯ ತಿರುವಿಗೆ ಬಂದಿದೆ,
ಪಕ್ಕದ ಮನೆಯವರ ಬಿಲ್ಲು ನೋಡಿದ್ದೇನೆ.
ನಾಲ್ಕು ತಿಂಗಳ ಹಿಮಕ್ಕೆ ಕರೆಂಟು ಹಚ್ಚಿದರೆ
ದರ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ
ನನ್ನ ಸಂಬಳವನ್ನು ಅಟ್ಟಕ್ಕೆ ಒಯ್ಯುತ್ತದೆ.

ಮಾಲ್‌ಸುನ್ ಮೂಲಂಗಿ ಹೆಚ್ಚುತ್ತಿದ್ದಳು.
ಆ ಮಾತು ಈ ಮನೆಯಲ್ಲಿ ಬೇಡ, ಎಂದಳು
ಚಾಕು ನಿಲ್ಲಿಸದೆ.

ಎರಡನ್ನೂ ಚಾಪೆಯ ಮೇಲೆ ಹರಡಿದೆ.
ಇದು ತಂತಿ, ಕಿರುಬೆರಳಿಗಿಂತ ಸಪೂರ.
ನೆಲ ಏರುವುದಿಲ್ಲ, ಬಾಗಿಲು ಕೆತ್ತಬೇಕಿಲ್ಲ,
ಉರಿಯಿಲ್ಲ, ಹೊಗೆಯಿಲ್ಲ.
ಒತ್ತಿದರೆ ಬಿಸಿ, ಬಿಟ್ಟರೆ
ಬೀಗರು ಹೋದ ಮನೆಯ ಹಾಗೆ ತಣ್ಣಗೆ.
ಇದು ಕೊಳವೆ. ಒಳಗೆ ಬಿಸಿನೀರು ಸುತ್ತಿ ಸುತ್ತಿ,
ಮೇಲೆ ಮೂರು ಬೆರಳು ಗಾರೆ.
ಕಾಯಲು ಗಂಟೆ ಬೇಕು. ಕಾದರೆ
ಅತ್ತೆಯ ಮುನಿಸು,
ಉರಿ ಆರಿದರೂ ಬೆಳಗಿನ ತನಕ ಇಳಿಯದು.
ಬಾಯ್ಲರು ಹೊರಗೋಡೆಗೆ. ಹೊಗೆ ಹೊರಗೆ.
ಒಳಗೆ ಬಂತೋ, ಕೂಗಲು ಒಂದು ಯಂತ್ರವೂ ಉಂಟು.

ಮಾಲ್‌ಸುನ್ ತುಟಿ ಪಿಟಕ್ಕೆನ್ನಲಿಲ್ಲ.

ಬೊಂಗ್ರೇ ನನ್ನನ್ನು ಹೊರಗೆ ಕರೆದಳು.
ಗಣಿಯ ಸಾಲುಮನೆಯಲ್ಲಿ ಮೂವರಿದ್ದೆವು, ಅಂದಳು.
ಒಲೆಗೆ ಇಪ್ಪತ್ತೆರಡು ತೂತಿನ ಕಲ್ಲಿದ್ದಲ ಬಿಲ್ಲೆ.
ನೆಲದಲ್ಲಿ ಕೂದಲೆಳೆಯ ಬಿರುಕು.
ಅದಕ್ಕೆ ವಾಸನೆಯಿಲ್ಲ, ಗೊತ್ತಲ್ಲ ನಿನಗೆ.
ಬೆಳಗ್ಗೆ ಮೂವರನ್ನೂ ಹಿಮದ ಮೇಲೆ ಎಳೆದು
ಬಾಯಿಗೆ ಮೂಲಂಗಿ ಹುಳಿನೀರು ಹುಯ್ದರು,
ಆಗಿನ ಔಷಧಿ ಅದೇ.
ನಾನು ಕಕ್ಕಿದೆ. ಇವಳು ಕಕ್ಕಿದಳು.
ಗಪ್‌ಸುನ್ ಬಾಯಿಂದ ನೀರು
ಹಾಗೇ ಕೆನ್ನೆಗಿಳಿಯಿತು.
ಸಣ್ಣವಳಾಗಿದ್ದಾಗಲೂ ಅವಳಿಗೆ ಗಾಢ ನಿದ್ದೆ.

ಸರಿ, ತಂತಿಯೇ, ಎಂದು ಬರೆದುಕೊಂಡೆ.
ಅಳತೆಗೆಂದು ಮೂಲೆಯ ದಪ್ಪ ಕಂಬಳಿ ಎತ್ತಿದೆ.
ಎಣ್ಣೆಕಾಗದದ ಹಳದಿ ನೆಲದಲ್ಲಿ
ಕಂದಿದ ಒಂದು ದುಂಡು,
ಚಂದ್ರನಿಗೆ ಕಾಮಾಲೆ ಬಂದ ಹಾಗೆ.

ಅಕ್ಕನ ಬಟ್ಟಲು, ಎಂದಳು ಮಾಲ್‌ಸುನ್.
ಹೋಟೆಲಿನ ಲಾಂಡ್ರಿಯಿಂದ ಬರುವಾಗ ರಾತ್ರಿ ಎರಡು.
ಅನ್ನ ಇಟ್ಟು ಮುಚ್ಚಿರುತ್ತೇನೆ.
ಮೈಕ್ರೋವೇವ್ ಇದೆಯಲ್ಲ, ಎಂದೆ.
ಇದೆ, ಎಂದಳು.

ಸುಮ್ಮನಿರಬಹುದಿತ್ತು ನಾನು.
ಮುಂಗಡ ಜೇಬಿಗೆ ಬಂದಾಗಿತ್ತು.
ಆದರೆ ಕೈಪಿಡಿಯ ಒಂಬತ್ತನೇ ಪುಟದಲ್ಲಿದೆ:
ತಂತಿಯ ನೆಲದ ಮೇಲೆ ಕಂಬಳಿ ಮಡಚಿಡಕೂಡದು.
ಬಿಸಿ ಒಳಗೇ ಸಿಕ್ಕಿ ತಂತಿಯೇ ಬೇಯುತ್ತದೆ.

ಚಾಕು ನಿಂತಿತು.

ನೀರಿನದಾದರೆ?
ಮುಚ್ಚಬಹುದು.
ಇದೇ ಮೂಲೆಯಲ್ಲಿ?
ಕೊಳವೆಯನ್ನು ಎರಡು ಬೆರಳು ಒತ್ತಾಗಿ ಸುತ್ತುತ್ತೇನೆ,
ಕಂಪನಿಗೆ ಹೇಳಬೇಡಿ.

ಹೆಚ್ಚಿದ ಮೂಲಂಗಿಯನ್ನೆಲ್ಲ ಪಾತ್ರೆಗೆ ತಳ್ಳಿ
ಕೈ ಒರೆಸಿಕೊಂಡು ಬಂದಳು.
ಆ ಕೂಗುವ ಯಂತ್ರ, ಎಷ್ಟು ಜೋರು?

ಚೀಲದಿಂದ ತೆಗೆದೆ. ಬಿಳಿ ಡಬ್ಬಿ, ಅಂಗೈಯಗಲ.
ಪರೀಕ್ಷೆಯ ಗುಂಡಿ ಒತ್ತಿದೆ.
ಬೊಂಗ್ರೇ ಕಿವಿ ಮುಚ್ಚಿಕೊಂಡಳು,
ಬೀದಿಯ ನಾಯಿಗಳೆಲ್ಲ ಎದ್ದವು,
ಮಾಡಿನ ಹಿಮ ಒಂದು ಹಿಡಿ ಜಾರಿತು.

ಮಾಲ್‌ಸುನ್ ಕದಲದೆ ಕೇಳಿದಳು,
ಒಳಕೋಣೆಯ ಬಾಗಿಲತ್ತ ಮುಖ ಮಾಡಿ,
ಅಲ್ಲಿ ಯಾರೋ ಮಗ್ಗುಲು ಬದಲಿಸುತ್ತಾರೇನೋ ಎಂಬಂತೆ.

ಇನ್ನೊಮ್ಮೆ, ಎಂದಳು.